ಕೋಟೆಯೊಳಗಿನ ಹಗೆ
(ಬೆಳಗಾವಿ–ಹುಕ್ಕೇರಿ ಸೀಮೆಯ ಎರಡು ಇತಿಹಾಸ ಪ್ರಸಂಗಗಳು)

ರಾಜ್ಯಗಳು ಹೊರಗಿನ ಹಗೆಗಳಿಂದ ಅಳಿದುದಕ್ಕಿಂತ ಒಳಗಿನ ಹಗೆಗಳಿಂದ ಅಳಿದುದೇ ಹೆಚ್ಚೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಕಿತ್ತೂರಿನ ಮಾತು ಬಂದೊಡನೆ ನಮ್ಮ ಭಾಗದ ಶಾಲೆಯ ಮಕ್ಕಳೂ ಮಲ್ಲಪ್ಪಶೆಟ್ಟಿ, ವೆಂಕಟರಾಯರ ಹೆಸರೆತ್ತಿ ಮುಖ ಕಿವುಚುತ್ತಾರೆ. 1830ರಲ್ಲಿ ವೀರ ಸಂಗೊಳ್ಳಿ ರಾಯಣ್ಣನನ್ನು ಹಿಡಿದುಕೊಟ್ಟವರು ಅವನ ನಂಬುಗೆಯನ್ನು ಗಳಿಸಿ ಜೊತೆಗೆ ನಿಂತವರೇ ಎಂಬುದನ್ನು ಲಾವಣಿಕಾರರು ಇಂದಿಗೂ ಕಣ್ಣೀರು ಬರುವಂತೆ ಹಾಡುತ್ತಾರೆ. ಈ ಕಥೆಗಳು ನಮ್ಮ ಜನರ ರಕ್ತದಲ್ಲಿ ಬೆರೆತುಹೋಗಿವೆ.

ಆದರೆ ಇಂಥ ಕಥೆಗಳನ್ನು ಕೇಳಿ ಕೇಳಿ ನಮ್ಮಲ್ಲಿ ಒಂದು ಸುಲಭವಾದ ತೀರ್ಮಾನವೂ ನೆಲೆಗೊಂಡಿದೆ. ಯಾರೋ ಒಬ್ಬ ದುಷ್ಟನಿದ್ದ, ಅವನು ದ್ರೋಹ ಬಗೆದ, ರಾಜ್ಯ ಮುಳುಗಿತು ಎಂದು ಹೇಳಿ ಕೈತೊಳೆದುಕೊಳ್ಳುತ್ತೇವೆ. ಆ ದುಷ್ಟನು ಬೆಳೆಯಲು ಎಡೆಯೆಲ್ಲಿ ದೊರೆಯಿತು? ಆಳುವವನ ಕಿವಿಗೆ ಬಿದ್ದ ಸುದ್ದಿ ಎಷ್ಟು ನಿಜವಾಗಿತ್ತು? ಅದನ್ನು ಅವನು ತೂಗಿ ನೋಡಿದನೋ ಇಲ್ಲವೋ? ಈ ಪ್ರಶ್ನೆಗಳನ್ನು ನಾವು ಕೇಳಿಕೊಳ್ಳುವುದು ಕಡಿಮೆ. ಇವುಗಳಿಗೆ ಉತ್ತರ ಹುಡುಕಲು ಕಿತ್ತೂರಿಗಿಂತಲೂ ಹಿಂದೆ, ಆದಿಲಶಾಹಿಯ ಕಾಲಕ್ಕೆ ಹೋಗಬೇಕು. ಆಗ ಬೆಳಗಾವಿಯಲ್ಲಿಯೂ ಹುಕ್ಕೇರಿಯಲ್ಲಿಯೂ ನಡೆದ ಎರಡು ಪ್ರಸಂಗಗಳು ಒಂದಕ್ಕೊಂದು ಕನ್ನಡಿ ಹಿಡಿದಂತಿವೆ. ಒಂದರಲ್ಲಿ ದ್ರೋಹಿಯಲ್ಲದವನನ್ನು ದ್ರೋಹಿಯೆಂದು ನಂಬಲಾಯಿತು. ಇನ್ನೊಂದರಲ್ಲಿ ದ್ರೋಹಿಯನ್ನು ನಿಷ್ಠನೆಂದು ನಂಬಲಾಯಿತು. ಎರಡರಲ್ಲಿಯೂ ಕಷ್ಟವುಂಡುದು ಈ ಸೀಮೆ.

ಸೀಮೆಯೂ ಜಹಗೀರೂ

ವಿಜಾಪುರದ ಅರಮನೆಯಿಂದ ಬೆಳಗಾವಿಯ ಕೋಟೆಗೆ ಬರಬೇಕಾದರೆ ದಂಡು ಮೊದಲು ಕೃಷ್ಣೆಯನ್ನು, ಅನಂತರ ಘಟಪ್ರಭೆಯನ್ನು ದಾಟಬೇಕು. ಈ ಎರಡು ಹೊಳೆಗಳ ನಡುವಣ ನಾಡಿನಲ್ಲಿಯೇ ಇಂದಿನ ಹುಕ್ಕೇರಿ ಇದೆ, ಕೆಲವೇ ವರ್ಷಗಳ ಹಿಂದೆ ಗೋಕಾಕದಿಂದ ಬೇರ್ಪಟ್ಟು ತಾಲೂಕಾದ ಮೂಡಲಗಿಯ ಎರೆಭೂಮಿಯಿದೆ. ದಡದಲ್ಲಿ ಗೋಕಾಕವಿದೆ, ಅದಕ್ಕೆ ಮೇಲುಗಡೆ ಘಟಪ್ರಭೆಯು ಸುಮಾರು 170 ಅಡಿ ಆಳಕ್ಕೆ ಧುಮುಕುತ್ತದೆ. ಜೋಳ, ಕಡಲೆ, ಹತ್ತಿಗಳನ್ನು ಕೊಡುವ ಈ ನೆಲವು ಸುಲ್ತಾನರ ಕಣ್ಣಿಗೆ ದಂಡಿನ ಉಗ್ರಾಣವಾಗಿ ಕಂಡುದರಲ್ಲಿ ಆಶ್ಚರ್ಯವಿಲ್ಲ. ಪಶ್ಚಿಮಕ್ಕೆ ಸಹ್ಯಾದ್ರಿಯ ಘಟ್ಟಗಳು, ಅದರಾಚೆ 1510ರಿಂದ ಗೋವೆಯಲ್ಲಿ ಬೇರೂರಿದ ಪೋರ್ತುಗೀಜರು, ಉತ್ತರಕ್ಕೆ ಅಹಮದನಗರದ ನಿಜಾಮಶಾಹಿ, ದಕ್ಷಿಣಕ್ಕೆ 1565ರವರೆಗೆ ವಿಜಯನಗರ. ಹೀಗೆ ಮೂರು ದಿಕ್ಕಿನಲ್ಲಿ ಹಗೆಗಳಿದ್ದ ರಾಜ್ಯಕ್ಕೆ ಬೆಳಗಾವಿಯ ಕೋಟೆಯು ಬಾಗಿಲಿನ ಅಗುಳಿಯಂತಿತ್ತು.

ಆ ಕಾಲದ ಸೈನ್ಯವ್ಯವಸ್ಥೆಯನ್ನು ಅರಿಯದೆ ಮುಂದಿನ ಕಥೆ ಅರ್ಥವಾಗದು. ಸುಲ್ತಾನನು ತನ್ನ ಬೊಕ್ಕಸದಿಂದ ಎಲ್ಲ ಸೈನಿಕರಿಗೂ ಸಂಬಳ ಕೊಡುತ್ತಿರಲಿಲ್ಲ. ಒಂದೊಂದು ಸೀಮೆಯ ಕಂದಾಯವನ್ನು ಒಬ್ಬೊಬ್ಬ ಸರದಾರನಿಗೆ ಜಹಗೀರಾಗಿ ಬಿಟ್ಟುಕೊಡುತ್ತಿದ್ದನು. ಆ ಹಣದಿಂದ ಸರದಾರನು ಇಂತಿಷ್ಟು ಕುದುರೆ ಸವಾರರನ್ನು ಸಾಕಬೇಕು, ಕರೆ ಬಂದಾಗ ಅವರೊಡನೆ ಹಾಜರಾಗಬೇಕು. ಸವಾರನು ಉಣ್ಣುತ್ತಿದ್ದುದು ಜಹಗೀರುದಾರನ ಕೈಯಿಂದ. ಸುಲ್ತಾನನು ಅವನಿಗೆ ಕಾಣದ ದೇವರು. ಆದುದರಿಂದ ಜಹಗೀರುದಾರನು ಎತ್ತ ತಿರುಗಿದನೋ ದಂಡು ಅತ್ತ ತಿರುಗುತ್ತಿತ್ತು. ಇಂಥ ರಾಜ್ಯದಲ್ಲಿ ಒಬ್ಬ ಸರದಾರನ ಮನಸ್ಸಿನೊಳಗೆ ಏನಿದೆಯೆಂಬುದು ಸಾವಿರ ತೋಪುಗಳಿಗಿಂತ ದೊಡ್ಡ ವಿಷಯವಾಗಿತ್ತು. ಬೇಹುಗಾರರಿಗೂ ಚಾಡಿಕೋರರಿಗೂ ಬೆಲೆ ಬಂದುದು ಈ ಕಾರಣದಿಂದಲೇ.

ಅಸದಖಾನನ ಮೇಲಿನ ಅಪವಾದ

ಬೆಳಗಾವಿಯ ಕೋಟೆಯಲ್ಲಿ 1519ರಲ್ಲಿ ಕಟ್ಟಿದ ಸಫಾ ಮಸೀದಿಯನ್ನು ನೋಡಿದವರಿಗೆ ಅಸದಖಾನ ಲಾರಿಯ ಹೆಸರು ಗೊತ್ತಿರುತ್ತದೆ. ಖುಸ್ರೂ ಎಂಬ ಈ ತರುಣನು, ಬಾಲಕ ಇಸ್ಮಾಯಿಲ ಆದಿಲಶಹನನ್ನು ಕೊಂದು ಗದ್ದುಗೆ ಏರಲು ಹವಣಿಸಿದ ಕಮಾಲಖಾನನ ಒಳಸಂಚನ್ನು ಮುರಿಯಲು ನೆರವಾದನು. ಅದಕ್ಕೆ ಪ್ರತಿಯಾಗಿ ಅಸದಖಾನನೆಂಬ ಬಿರುದೂ ಬೆಳಗಾವಿಯ ಜಹಗೀರೂ ದೊರೆತುವು. ಅಂದರೆ ಅವನ ಏಳಿಗೆಯ ಮೊದಲ ಮೆಟ್ಟಿಲೇ ಸ್ವಾಮಿನಿಷ್ಠೆ.

ಹಾಗೆಂದು ಅವನು ಮುಗ್ಧನೇನೂ ಆಗಿರಲಿಲ್ಲ. 1520ರ ರಾಯಚೂರು ಯುದ್ಧದ ಬಳಿಕ ಕೃಷ್ಣದೇವರಾಯನಲ್ಲಿಗೆ ರಾಯಭಾರಿಯಾಗಿ ಹೋದ ಅಸದಖಾನನು ಸುಳ್ಳು ಹೇಳಿ, ಸೆರೆಯಲ್ಲಿದ್ದ ತನ್ನ ಪ್ರತಿಸ್ಪರ್ಧಿ ಸಲಾಬತಖಾನನ ತಲೆ ಹೋಗುವಂತೆ ಮಾಡಿದನೆಂದು ಪೋರ್ತುಗೀಜ ಲೇಖಕ ನುನಿಜ್ ಬರೆದಿಟ್ಟಿದ್ದಾನೆ. ಜಾಣ, ಶ್ರೀಮಂತ, ಗಟ್ಟಿಯಾದ ಕೋಟೆಯ ಒಡೆಯ: ಇಂಥವನ ಮೇಲೆ ಅಸೂಯೆಯೂ ಅನುಮಾನವೂ ಹುಟ್ಟುವುದು ಸಹಜ.

1534ರಲ್ಲಿ ಒಂದನೆಯ ಇಬ್ರಾಹಿಂ ಆದಿಲಶಹಾ ಪಟ್ಟಕ್ಕೆ ಬಂದಮೇಲೆ ಅನುಮಾನಕ್ಕೆ ನೀರು ಗೊಬ್ಬರ ದೊರೆಯಿತು. ಇಬ್ರಾಹಿಮನು ಸುನ್ನಿ ಪಂಥವನ್ನು ಅನುಸರಿಸಿ, ಪರದೇಶದಿಂದ ಬಂದ ಸರದಾರರನ್ನು ದೂರವಿರಿಸಿದನು. ಅಸದಖಾನನು ಶಿಯಾ ಪಂಥದವನು. ಅಹಮದನಗರದ ಬುರ್ಹಾನ ನಿಜಾಮಶಹನೂ ಶಿಯಾ ಪಂಥವನ್ನು ಸ್ವೀಕರಿಸಿದ್ದನು. ಇಷ್ಟೇ ಸಾಕಾಯಿತು. ಪಂಥ ಒಂದಾದಮೇಲೆ ಒಳಗೊಳಗೇ ಪತ್ರವ್ಯವಹಾರವೂ ಇರಲೇಬೇಕೆಂದು ಯೂಸುಫನೆಂಬ ಅಧಿಕಾರಿ ಸುಲ್ತಾನನ ಕಿವಿ ತುಂಬಿದನು. ಅಸದಖಾನನನ್ನು ಆಸ್ಥಾನಕ್ಕೆ ಕರೆಯಿಸಿ ಹಿಡಿಯುವ ಯತ್ನ ನಡೆಯಿತು. ಖಾನ ಅನಾರೋಗ್ಯದ ನೆವ ಹೇಳಿ ಬರಲಿಲ್ಲ. ಆಳುಗಳಿಗೆ ಲಂಚ ಕೊಟ್ಟು ವಿಷವಿಕ್ಕಿಸುವ ಯತ್ನ ನಡೆಯಿತು, ಅದೂ ಫಲಿಸಲಿಲ್ಲ. ಕಡೆಗೆ ಯೂಸುಫನಿಗೆ ಬೆಳಗಾವಿಯ ಸಮೀಪದಲ್ಲಿಯೇ ಜಹಗೀರು ಕೊಟ್ಟು, ಸಮಯ ಸಾಧಿಸಿ ಖಾನನನ್ನು ಸೆರೆಹಿಡಿಯುವಂತೆ ಹೇಳಲಾಯಿತು. ಆ ದಾಳಿಯನ್ನೂ ಖಾನ ಹಿಮ್ಮೆಟ್ಟಿಸಿದನು.

ಒಬ್ಬ ಸರದಾರನನ್ನು ದ್ರೋಹಿಯೆಂದು ಎಣಿಸಿ ಆ ಬಗೆಯಲ್ಲಿ ನಡೆಸಿಕೊಂಡರೆ ಅವನು ಎಷ್ಟು ದಿನ ನಿಷ್ಠನಾಗಿ ಉಳಿದಾನು? ಹಗೆಯು ಈ ಬಿರುಕನ್ನು ಬೇಗ ಗುರುತಿಸಿತು. 1542ರ ಸುಮಾರಿಗೆ ಬುರ್ಹಾನ ನಿಜಾಮಶಹನು ಬೀದರದ ಬರೀದನನ್ನು ಕೂಡಿಕೊಂಡು ಆದಿಲಶಾಹಿಯ ಮೇಲೆ ಏರಿಬಂದನು; ಅಸದಖಾನನೇ ತಮ್ಮನ್ನು ಕರೆದಿದ್ದಾನೆಂದು ಸುದ್ದಿ ಹಬ್ಬಿಸಿದನು. ಸುದ್ದಿ ಸುಳ್ಳು. ಆದರೆ ಸುಲ್ತಾನನು ಅದನ್ನು ನಂಬಲು ಮೊದಲೇ ಸಿದ್ಧನಾಗಿದ್ದನು. ಇತ್ತ ದೊರೆಯ ನಂಬಿಕೆಯಿಲ್ಲ, ಅತ್ತ ಹಗೆಯ ದಂಡು ತನ್ನ ಜಹಗೀರಿನ ಬಾಗಿಲಿಗೇ ಬಂದಿದೆ. ಅಸದಖಾನನು ಬೇರೆ ದಾರಿ ಕಾಣದೆ ತನ್ನ ಸವಾರರೊಡನೆ ಹಗೆಯ ಪಾಳೆಯವನ್ನು ಸೇರಿದನು. ಸುಳ್ಳಾಗಿದ್ದ ಅಪವಾದವು ಹೀಗೆ ಹೊರನೋಟಕ್ಕೆ ನಿಜವಾಯಿತು. ಇಬ್ರಾಹಿಮನು ರಾಜಧಾನಿಯನ್ನು ಬಿಟ್ಟು ಕಲಬುರ್ಗಿಗೆ ಓಡಬೇಕಾಯಿತು.

ಆದರೂ ಖಾನನು ಹಗೆಯ ಡೇರೆಯಲ್ಲಿ ಕುಳಿತುಕೊಂಡೇ ವರಾಡದ ಇಮಾದಶಹನಿಗೆ ಗುಟ್ಟಾಗಿ ಪತ್ರ ಬರೆದು, ಇಬ್ರಾಹಿಮನ ನೆರವಿಗೆ ಬರುವಂತೆ ಬೇಡಿಕೊಂಡನು. ವರಾಡದ ಸೈನ್ಯ ಬಂದೊಡನೆ ನಿಜಾಮಶಹನನ್ನು ಬಿಟ್ಟು ತನ್ನ ದೊರೆಯನ್ನು ಕೂಡಿಕೊಂಡು, ನಡೆದುದನ್ನೆಲ್ಲ ವಿವರಿಸಿದನು. ಯುದ್ಧದ ಮುಖ ತಿರುಗಿತು. ಚಾಡಿ ಹೇಳಿದವರು ಶಿಕ್ಷೆಗೆ ಗುರಿಯಾದರು. ಆದರೆ ಒಮ್ಮೆ ಒಡೆದ ಮನಸ್ಸು ಪೂರ್ತಿಯಾಗಿ ಕೂಡಲಿಲ್ಲ. ಮುಂದಿನ ವರ್ಷಗಳಲ್ಲಿಯೂ ಅನುಮಾನದ ಹೊಗೆ ಏಳುತ್ತಲೇ ಇತ್ತು. 1549ರಲ್ಲಿ ಖಾನನು ಹಾಸಿಗೆ ಹಿಡಿದಾಗ ಸುಲ್ತಾನನು ಅವನನ್ನು ಕಾಣಲು ಹೊರಟನು. ಬೆಳಗಾವಿಯನ್ನು ಮುಟ್ಟುವ ಮೊದಲೇ ಖಾನನ ಉಸಿರು ನಿಂತಿತ್ತು.

ಹುಕ್ಕೇರಿಯಿಂದ ಹೋದ ಧಾನ್ಯ

ಇದಾಗಿ ನಾಲ್ವತ್ತೈದು ವರ್ಷಗಳಿಗೆ ಎರಡನೆಯ ಪ್ರಸಂಗ. ಕಾಲ 1594, ಕಿತ್ತೂರಿನ ಯುದ್ಧಕ್ಕೆ ಇನ್ನೂ 230 ವರ್ಷವಿತ್ತು. ವಿಜಾಪುರದ ಗದ್ದುಗೆಯ ಮೇಲೆ ಎರಡನೆಯ ಇಬ್ರಾಹಿಂ ಆದಿಲಶಹಾ ಇದ್ದನು. ಸಂಗೀತಪ್ರಿಯನೂ ‘ಕಿತಾಬೆ ನವರಸ’ದ ಕರ್ತೃವೂ ಆಗಿ ಜಗದ್ಗುರು ಬಾದಶಹನೆಂದು ಹೆಸರಾದವನು ಇವನೇ. ಒಂಬತ್ತರ ವಯಸ್ಸಿನಲ್ಲಿ, 1580ರಲ್ಲಿ ಪಟ್ಟವೇರಿದ ಇವನನ್ನು ದಿಲಾವರಖಾನನೆಂಬ ಮಂತ್ರಿ 1582ರಿಂದ ಎಂಟು ವರ್ಷ ತನ್ನ ಮುಷ್ಟಿಯಲ್ಲಿಟ್ಟುಕೊಂಡಿದ್ದನು. ಸುಲ್ತಾನನ ತಮ್ಮ ಇಸ್ಮಾಯಿಲನನ್ನು ಬೆಳಗಾವಿಯ ಕೋಟೆಯಲ್ಲಿ ಬಂಧಿಸಿದವನೂ ಈ ಮಂತ್ರಿಯೇ.

1590ರಲ್ಲಿ ಇಬ್ರಾಹಿಮನು ಮಂತ್ರಿಯ ಹಿಡಿತದಿಂದ ಪಾರಾದನು. ದಿಲಾವರಖಾನನು ಓಡಿಹೋಗಿ ಅಹಮದನಗರದ ಆಶ್ರಯ ಪಡೆದನು. ಅವನ ಮಾತು ಕೇಳಿ ಎರಡನೆಯ ಬುರ್ಹಾನ ನಿಜಾಮಶಹನು 1592ರಲ್ಲಿ ಆದಿಲಶಾಹಿಯ ಗಡಿ ದಾಟಿಬಂದನು. ಆಗ ಇಬ್ರಾಹಿಮನು ಪ್ರಾಣಕ್ಕೂ ಆಸ್ತಿಗೂ ಕೇಡು ಮಾಡುವುದಿಲ್ಲವೆಂದು ಅಭಯ ಕೊಟ್ಟು ದಿಲಾವರಖಾನನನ್ನು ಮರಳಿ ಕರೆಯಿಸಿಕೊಂಡನು. ಬಂದವನ ಕಣ್ಣು ಕೀಳಿಸಿ ಸೆರೆಮನೆಗೆ ತಳ್ಳಲಾಯಿತು. ಪ್ರಾಣ, ಆಸ್ತಿಗಳಿಗೆ ಅಭಯ ಕೊಟ್ಟಿದ್ದೆವು, ಕಣ್ಣಿನ ಮಾತು ಬಂದಿರಲಿಲ್ಲವೆಂಬುದು ಆಸ್ಥಾನದ ಸಮರ್ಥನೆ! ದೊರೆಯ ಮಾತಿಗೆ ಎರಡು ಅರ್ಥವಿರಬಲ್ಲುದೆಂಬುದನ್ನು ಅಂದು ಎಲ್ಲ ಸರದಾರರೂ ಕಲಿತರು. ಮುಂದಿನ ಘಟನೆಗೆ ಈ ಪಾಠವೂ ಒಂದು ಕಾರಣವಾಗಿದ್ದೀತು.

ತಮ್ಮನ ವಿಷಯದಲ್ಲಿ ಇಬ್ರಾಹಿಮನು ಮೊದಲು ಮೆದುವಾಗಿಯೇ ಇದ್ದನು. ಸೆರೆಯ ಕಟ್ಟನ್ನು ಸಡಿಲಿಸಿ, ಕೋಟೆಯೊಳಗೆ ಸ್ವೇಚ್ಛೆಯಾಗಿ ಇರಲು ಬಿಟ್ಟು, ವೆಚ್ಚಕ್ಕೆ ಹಣವನ್ನೂ ಗೊತ್ತುಮಾಡಿದ್ದನು. ಇಸ್ಮಾಯಿಲನು ಆ ಸಡಿಲಿಕೆಯನ್ನೇ ಬಳಸಿಕೊಂಡು ಕಾವಲಿನವರನ್ನು ಒಲಿಸಿಕೊಂಡು 1594ರಲ್ಲಿ ಬೆಳಗಾವಿಯ ಕೋಟೆಯನ್ನು ವಶಪಡಿಸಿಕೊಂಡನು. ಬುರ್ಹಾನ ನಿಜಾಮಶಹನಿಗೆ ನೆರವು ಬೇಡಿ ಪತ್ರ ಬರೆದನು. ಬುದ್ಧಿ ಹೇಳಲು ಅಣ್ಣ ಕಳುಹಿಸಿದ ದೂತನ ಮಾತು ಫಲಿಸಲಿಲ್ಲ. ಇಲಿಯಾಸಖಾನನ ನಾಯಕತ್ವದಲ್ಲಿ ದಂಡು ಬಂದು ಕೋಟೆಗೆ ಮುತ್ತಿಗೆ ಹಾಕಿತು.

ಆಗ ಹುಕ್ಕೇರಿಯ ಜಹಗೀರುದಾರನಾಗಿದ್ದವನು ಐನ್-ಉಲ್-ಮುಲ್ಕನೆಂಬ ಹಿರಿಯ ಸರದಾರ. ಬೆಳಗಾವಿಯ ಉತ್ತರಕ್ಕೆ ಎರಡು ಮೂರು ದಿನದ ನಡಿಗೆಯ ದೂರದಲ್ಲಿ ಅವನ ನೆಲೆ. ಮುತ್ತಿಗೆಗೆ ನೆರವಾಗುವಂತೆ ಅವನಿಗೆ ಅಪ್ಪಣೆಯಾಯಿತು. ಅವನು ಬಂದನು, ಡೇರೆ ಹೂಡಿದನು, ಸುಲ್ತಾನನ ಪರವಾಗಿಯೇ ನಿಂತಂತೆ ತೋರಿಸಿಕೊಂಡನು. ಆದರೆ ಒಳಗೊಳಗೆ ಕೋಟೆಯವರಿಗೆ ಧಾನ್ಯವನ್ನು ಸಾಗಿಸತೊಡಗಿದನು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಆ ಕಾಲದ ಕೋಟೆಗಳು ತೋಪಿನ ಹೊಡೆತಕ್ಕಿಂತ ಹಸಿವಿನಿಂದಲೇ ಹೆಚ್ಚಾಗಿ ಸೋಲುತ್ತಿದ್ದುವು. ಸುತ್ತಲಿನ ಕಂದಕವೂ ಕಲ್ಲಿನ ಗೋಡೆಯೂ ಗುಂಡನ್ನು ತಡೆದಾವು; ಹೊಟ್ಟೆಯ ಬೆಂಕಿಯನ್ನು ತಡೆಯಲಾರವು. ಆದುದರಿಂದ ಮುತ್ತಿಗೆಯೆಂದರೆ ಒಂದು ಸುತ್ತುಗಟ್ಟು. ಅದರಲ್ಲಿ ಒಂದೇ ಒಂದು ಕಡೆ ಸೋರಿದರೂ ಉಳಿದ ಕಡೆಯ ಸಾವಿರಾರು ಸೈನಿಕರ ಶ್ರಮ ನೀರುಪಾಲು. ಐನ್-ಉಲ್-ಮುಲ್ಕನು ಕತ್ತಿ ಹಿರಿಯದೆ, ಒಂದು ಗುಂಡನ್ನೂ ಹಾರಿಸದೆ ಸುಲ್ತಾನನ ಇಡೀ ದಂಡನ್ನು ಸೋಲಿಸುತ್ತಿದ್ದನು. ಆ ಧಾನ್ಯವಾದರೂ ಎಲ್ಲಿಯದು? ಹುಕ್ಕೇರಿಯ ಸೀಮೆಯ ರೈತನು ಬೆವರು ಸುರಿಸಿ ಬೆಳೆದು, ಕಂದಾಯವಾಗಿ ತೆತ್ತುದರ ಪಾಲೇ ಅದಾಗಿರಬೇಕು. ತಾನು ತೆತ್ತ ಕಾಳು ಯಾರ ಹೊಟ್ಟೆಗೆ ಹೋಗುತ್ತಿದೆ, ಯಾವ ಯುದ್ಧವನ್ನು ಬೆಳೆಸುತ್ತಿದೆ ಎಂಬುದನ್ನು ಅವನಿಗೆ ಕೇಳಿದವರಾರು?

ಸುದ್ದಿ ವಿಜಾಪುರಕ್ಕೆ ಮುಟ್ಟದೆ ಇರಲಿಲ್ಲ. ಸುಲ್ತಾನನು ಐನ್-ಉಲ್-ಮುಲ್ಕನನ್ನು ರಾಜಧಾನಿಗೆ ಕರೆಯಿಸಿದನು. ಬರಲಾರದೆ ಹೋದರೆ ಅನುಮಾನ ಗಟ್ಟಿಯಾಗುವುದೆಂದು ತಿಳಿದ ಆ ಚತುರನು ನಿರ್ಭಯನಂತೆ ಬಂದು ಬಾಗಿ ಸಲಾಮು ಮಾಡಿದನು. ಸುಲ್ತಾನನು ಪ್ರೀತನಾಗಿ ಉಡುಗೊರೆ ಕೊಟ್ಟು, ಮರಳಿ ಜಹಗೀರಿಗೆ ಹೋಗಲು ಅಪ್ಪಣೆಯಿತ್ತನು. ಧಾನ್ಯದ ಲೆಕ್ಕ ಕೇಳಲಿಲ್ಲ. ಮುತ್ತಿಗೆಯ ಪಾಳೆಯದಲ್ಲಿ ಅವನ ಕಡೆಯ ಕಾವಲನ್ನು ಬದಲಿಸಲಿಲ್ಲ. ಬಾಗಿದ ತಲೆಯನ್ನೇ ನಿಷ್ಠೆಯೆಂದು ಎಣಿಸಿ ತೃಪ್ತನಾದನು. ಉಡುಗೊರೆಯನ್ನು ಹೊತ್ತು ಹುಕ್ಕೇರಿಗೆ ಬಂದವನು ಹಳೆಯ ಕೆಲಸವನ್ನೇ ಮುಂದುವರಿಸಿದನು.

ಗುಟ್ಟು ಒಡೆದುದು ವಿಚಿತ್ರ ರೀತಿಯಲ್ಲಿ. ವಿಜಾಪುರದ ಕೊತ್ವಾಲ ಹಯಾತಖಾನನು ಮುತ್ತಿಗೆಯ ದಂಡಿಗೆ ಮದ್ದುಗುಂಡು ಮುಟ್ಟಿಸಲು ಬಂದವನು, ಹುಕ್ಕೇರಿಯಲ್ಲಿ ಐನ್-ಉಲ್-ಮುಲ್ಕನನ್ನು ಕಂಡು, ನೀನು ದ್ರೋಹಿಯೆಂದು ಮುಖಕ್ಕೆ ಮುಖ ಕೊಟ್ಟು ನಿಂದಿಸಿದನು. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲವೆಂದು ಜಹಗೀರುದಾರನು ಕೊತ್ವಾಲನನ್ನು ಸೆರೆಯಲ್ಲಿಟ್ಟು, ಬಹಿರಂಗವಾಗಿ ಇಸ್ಮಾಯಿಲನ ಪಕ್ಷ ಸಾರಿದನು. ಬೆನ್ನ ಹಿಂದೆಯೇ ಹಗೆಯೆದ್ದಿತೆಂದು ತಿಳಿದ ಇಲಿಯಾಸಖಾನನು ಮುತ್ತಿಗೆಯನ್ನು ತೆಗೆದು ರಾಜಧಾನಿಯತ್ತ ಸರಿದನು. ಅತ್ತ ಬುರ್ಹಾನ ನಿಜಾಮಶಹನ ದಂಡು ಹೊರಟಿತ್ತು. ಆದಿಲಶಾಹಿಯು ಎರಡು ಹೋಳಾಗುವ ಗಳಿಗೆ ಅದು.

ಮುಳ್ಳಿನಿಂದ ಮುಳ್ಳು

ಸುಲ್ತಾನನು ಹಮೀದಖಾನನೆಂಬ ಸರದಾರನನ್ನು ಹೊಸ ದಂಡಿನೊಡನೆ ಕಳುಹಿಸಿದನು. ಐನ್-ಉಲ್-ಮುಲ್ಕನು ಇವನನ್ನೂ ತನ್ನ ಕಡೆಗೆ ಸೆಳೆಯಲು ಪತ್ರ ಬರೆದನು. ಹಮೀದಖಾನನು ಒಪ್ಪಿದಂತೆ ನಟಿಸಿ, ರಾಜಕುಮಾರನು ಕೋಟೆಯಿಂದ ಹೊರಬಂದರೆ ತಾನು ಬಂದು ಕೂಡಿಕೊಳ್ಳುವೆನೆಂದು ನಂಬಿಸಿದನು. ದ್ರೋಹವನ್ನೇ ಬಂಡವಾಳ ಮಾಡಿಕೊಂಡವನಿಗೆ ಇನ್ನೊಬ್ಬನ ದ್ರೋಹ ಸಹಜವಾಗಿಯೇ ಕಂಡಿತು. ಇಸ್ಮಾಯಿಲನನ್ನು ಕೋಟೆಯ ಹೊರಗಿನ ಬಯಲಿಗೆ ಕರೆತಂದು ಅವನು ಗೆಳೆಯನ ದಂಡನ್ನು ಎದುರುನೋಡುತ್ತ ನಿಂತನು. ಹತ್ತಿರ ಬಂದ ದಂಡು ಒಮ್ಮೆಗೇ ಮೇಲೆಬಿದ್ದಿತು. ಐನ್-ಉಲ್-ಮುಲ್ಕನು ಬಯಲಿನಲ್ಲಿಯೇ ಹತನಾದನು. ಅವನ ತಲೆ ವಿಜಾಪುರಕ್ಕೆ ಹೋಯಿತು. ಸೆರೆಸಿಕ್ಕಿದ ಇಸ್ಮಾಯಿಲನು ಕಣ್ಣು ಕಳೆದುಕೊಂಡನು. ಅವನ ಪ್ರಾಣವೂ ಉಳಿಯಲಿಲ್ಲ. ಪರಂಡೆಯವರೆಗೆ ಬಂದಿದ್ದ ನಿಜಾಮಶಹನು ಸುದ್ದಿ ಕೇಳಿ ಹಿಂದಿರುಗಿದನು.

ಈ ವೃತ್ತಾಂತವನ್ನು ಬರೆದಿಟ್ಟವನು ಫೆರಿಸ್ತಾ. ಅವನು 1589ರಿಂದ ವಿಜಾಪುರದಲ್ಲಿದ್ದು, ಇದೇ ಇಬ್ರಾಹಿಮನ ಆಶ್ರಯದಲ್ಲಿ ತನ್ನ ಫಾರಸಿ ಇತಿಹಾಸವನ್ನು ರಚಿಸಿದನು. ಗೆದ್ದ ದೊರೆಯ ಉಪ್ಪುಂಡವನು ಬರೆದುದೆಂಬ ಎಚ್ಚರವನ್ನು ಓದುಗರು ಇಟ್ಟುಕೊಳ್ಳಬೇಕು. ಹಾಗಿದ್ದೂ ಅವನು ದಿಲಾವರಖಾನನಿಗೆ ಆದ ವಂಚನೆಯನ್ನಾಗಲಿ, ಹಮೀದಖಾನನ ಕಪಟವನ್ನಾಗಲಿ ಮುಚ್ಚಿಡಲಿಲ್ಲ. ಆ ಆಸ್ಥಾನಕ್ಕೆ ಅವು ಮುಚ್ಚಿಡುವಂಥವೆಂದು ತೋರಿರಲಿಲ್ಲವೆಂಬುದೇ ಗಮನಾರ್ಹ ಸಂಗತಿ.

ಗೆಲುವೇನೋ ದೊರೆಯಿತು. ಆದರೆ ಅದರ ಫಲವೆಷ್ಟು ಕಾಲ? 1595ರಲ್ಲಿ ಬುರ್ಹಾನನು ತೀರಿಕೊಂಡನು. ಅದೇ ವರ್ಷ ಅವನ ಮಗನು ವಿಜಾಪುರದ ದಂಡಿನೊಡನೆ ಕಾದಾಡಿ ಮಡಿದನು. ಅಹಮದನಗರದ ಸರದಾರರು ತಮ್ಮತಮ್ಮಲ್ಲಿ ಬಡಿದಾಡಿ, ಒಂದು ಪಕ್ಷದವರು ಮೊಗಲರನ್ನೇ ಕರೆದರು. ಚಾಂದಬೀಬಿಯ ಧೈರ್ಯದಿಂದ ಆ ಕೋಟೆ ಒಮ್ಮೆ ಉಳಿಯಿತು, 1600ರಲ್ಲಿ ಬಿದ್ದಿತು. ಆ ವೀರ ಮಹಿಳೆಯೂ ದ್ರೋಹಿಯೆಂಬ ಸುಳ್ಳು ಆರೋಪಕ್ಕೆ ಸಿಕ್ಕಿ ತನ್ನವರ ಕೈಯಲ್ಲಿಯೇ ಹತಳಾದಳು. 1686ರಲ್ಲಿ ವಿಜಾಪುರವೂ ಔರಂಗಜೇಬನ ಪಾಲಾಯಿತು. ಒಬ್ಬರನ್ನೊಬ್ಬರು ಮೋಸದಿಂದ ಗೆಲ್ಲುತ್ತ ಬಂದವರನ್ನು ಹೊರಗಿನವನು ಕೊನೆಗೆ ಒಟ್ಟಾಗಿಯೇ ಗೆದ್ದನು.

ಎಣಿಸಿ ನೋಡುವ ಧರ್ಮ

ಮೈಸೂರಿನ ಶಾಮಶಾಸ್ತ್ರಿಗಳು ಬೆಳಕಿಗೆ ತಂದು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ಗೂಢಪುರುಷರ ವಿಷಯವನ್ನು ವಿಸ್ತಾರವಾಗಿ ಹೇಳುತ್ತದೆ. ಸನ್ಯಾಸಿಯ ವೇಷದವರು, ವ್ಯಾಪಾರಿಯ ವೇಷದವರು, ಒಕ್ಕಲಿಗನ ವೇಷದವರು ಹೀಗೆ ನಾನಾ ಬಗೆ. ಅಷ್ಟೆಲ್ಲ ಹೇಳಿದ ಆ ಕಠೋರ ನೀತಿಜ್ಞನೂ ಒಂದು ಕಟ್ಟಳೆಯನ್ನು ಮರೆಯಲಿಲ್ಲ: ಒಬ್ಬರನ್ನೊಬ್ಬರು ಅರಿಯದ ಮೂವರು ಚಾರರ ಮಾತು ಒಂದಾದಾಗ ಮಾತ್ರ ಸುದ್ದಿಯನ್ನು ನಂಬಬೇಕು. ಒಂದನೆಯ ಇಬ್ರಾಹಿಮನು ಒಬ್ಬನ ಮಾತನ್ನು, ಅದೂ ಲಾಭವಿದ್ದವನ ಮಾತನ್ನು ನಂಬಿ ನಿಷ್ಠನನ್ನು ಹಗೆಯ ಪಾಳೆಯಕ್ಕೆ ಅಟ್ಟಿದನು. ಎರಡನೆಯ ಇಬ್ರಾಹಿಮನು ಬಂದ ಸುದ್ದಿಯನ್ನು ಪರೀಕ್ಷಿಸದೆ ದ್ರೋಹಿಗೆ ಉಡುಗೊರೆ ಕೊಟ್ಟು ಕಳುಹಿಸಿದನು. ಅತಿ ಸಂಶಯ, ಅತಿ ವಿಶ್ವಾಸ ಇವೆರಡೂ ಒಂದೇ ತಾಯಿಯ ಮಕ್ಕಳು. ಆ ತಾಯಿಯ ಹೆಸರು ಪರೀಕ್ಷಿಸುವ ಆಲಸ್ಯ.

ಶರಣ ಪರಂಪರೆಯವರಾದ ನಮಗೆ ಇಲ್ಲಿ ಇನ್ನೊಂದು ಪ್ರಸಂಗ ನೆನಪಾಗದಿರದು. ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದಾಗ, ಅರಸನ ಹೊನ್ನನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂದು ಕೊಂಡೆಯರು ದೂರಿದರು. ಭಂಡಾರವನ್ನು ತೆರೆಸಿ ಎಣಿಸಲಾಗಿ ಒಂದು ಹೊನ್ನೂ ಕಡಿಮೆಯಿರಲಿಲ್ಲವೆಂದು ಪುರಾಣಗಳು ಹೇಳುತ್ತವೆ. ಇದನ್ನು ನಾವು ಪವಾಡವೆಂದು ಕೇಳಿ ಕೈಮುಗಿಯುತ್ತೇವೆ. ಲೋಕವ್ಯವಹಾರದ ಪಾಠವಾಗಿಯೂ ಇದನ್ನು ಓದಬಹುದು. ಕೊಂಡೆಯವನ ಮಾತಿಗೆ ಒಡನೆ ದಂಡನೆಯಾಗಲಿಲ್ಲ, ಎಣಿಕೆಯಾಯಿತು. ಎಣಿಸಲು ಬಂದವರಿಗೆ ಭಂಡಾರಿಗಳು ಮುನಿಯಲಿಲ್ಲ; ಬೀಗದ ಕೈಯನ್ನು ಮುಂದಿಟ್ಟರು. ಲೆಕ್ಕ ಕೇಳುವವನಿಗೆ ಕೇಳುವ ಧೈರ್ಯ ಬೇಕು, ಕೊಡುವವನಿಗೆ ಕೊಡುವ ನಿರ್ಮಲತೆ ಬೇಕು. ಐನ್-ಉಲ್-ಮುಲ್ಕನಲ್ಲಿ ಎರಡನೆಯದು ಇರಲಿಲ್ಲ. ಅವನ ದೊರೆಯಲ್ಲಿ ಮೊದಲನೆಯದು ಇರಲಿಲ್ಲ.

ಸುಲ್ತಾನರೂ ಜಹಗೀರುಗಳೂ ಹೋಗಿ ಕಾಲವಾಯಿತು. ಆದರೆ ನಂಬಿಕೆಯ ಮೇಲೆ ನಡೆಯುವ ಸಂಸ್ಥೆಗಳು ನಮ್ಮ ನಡುವೆ ಅನೇಕ ಇವೆ. ಊರಿನ ಸಹಕಾರಿ ಸಂಘವಿದೆ, ಶಾಲೆಯಿದೆ, ಪ್ರಸಾದ ನಿಲಯವಿದೆ, ಮಠದ ದಾಸೋಹದ ಉಗ್ರಾಣವಿದೆ. ಮಠದ ಅನ್ನವುಂಡು ಓದಿ ಹೊಣೆಗಾರಿಕೆಯ ಸ್ಥಾನಗಳಲ್ಲಿ ಕುಳಿತ ಹಳೆಯ ವಿದ್ಯಾರ್ಥಿಗಳೂ ಬಹಳ ಮಂದಿ. ಅಲ್ಲಿಯೂ ಒಬ್ಬ ಯೂಸುಫನು ಕಿವಿ ಕಚ್ಚಲು ಬರುತ್ತಾನೆ. ಅಲ್ಲಿಯೂ ಒಬ್ಬ ಐನ್-ಉಲ್-ಮುಲ್ಕನು ಬಾಗಿ ನಮಸ್ಕರಿಸುತ್ತ ಕಾಳು ಸಾಗಿಸುತ್ತಾನೆ. ಇಬ್ಬರಿಗೂ ಮದ್ದು ಒಂದೇ: ತೆರೆದ ಲೆಕ್ಕದ ಪುಸ್ತಕ, ಸಮಾನವಾದ ವಿಚಾರಣೆ, ನುಡಿದ ಮಾತಿಗೆ ಒಂದೇ ಅರ್ಥ.

ಹುಕ್ಕೇರಿಯಲ್ಲಿ ಆದಿಲಶಾಹಿಯ ಕಾಲದ ಗುಮ್ಮಟಗಳು ಇಂದಿಗೂ ನಿಂತಿವೆ. ಬೆಳಗಾವಿಯ ಕೋಟೆಯ ಕಂದಕವೂ ಇದೆ. ಆ ದಾರಿಯಲ್ಲಿ ಹೋಗುವ ಭಕ್ತರು ಅವುಗಳ ಕಲ್ಲಿನ ಕೆಲಸವನ್ನು ಮೆಚ್ಚುವುದು ಯೋಗ್ಯವೇ ಸರಿ. ಜೊತೆಗೆ, ಈ ಕಲ್ಲುಗಳಷ್ಟು ಗಟ್ಟಿಯಾದ ಕೋಟೆಗಳನ್ನು ಕಟ್ಟಿದವರು ತಮ್ಮೊಳಗಿನ ನಂಬಿಕೆಯನ್ನು ಕಟ್ಟಲಾರದೆ ಹೋದರೆಂಬುದನ್ನೂ ಮಕ್ಕಳಿಗೆ ಹೇಳಬೇಕು. ಅಂತರಂಗ ಬಹಿರಂಗಗಳು ಒಂದಾಗಿರಬೇಕೆಂಬ ಶರಣರ ಬೋಧೆ ಪೂಜೆಯ ಕೋಣೆಗಷ್ಟೇ ಮೀಸಲಲ್ಲ. ನಾಡನ್ನು ಕಾಯುವ ಕೋಟೆಯೂ ಅದೇ.